ಫಿಲ್ಟರ್‌ಗೆ ಜನ ನಿಜವಾಗಿ ಎಷ್ಟು ಕೊಟ್ಟಾರು? ಗದಗ ಸೀಮೆಯಲ್ಲಿ ಚೀಟಿ ಎತ್ತಿಸಿ ಅಳೆಯುವ ಬಗೆ

"ನೀರಿನ ಫಿಲ್ಟರ್‌ಗೆ ಎಷ್ಟು ಕೊಡ್ತೀರಿ?" ಎಂದು ಬರೀ ಬಾಯಿಮಾತಿನಲ್ಲಿ ಕೇಳಿದರೆ ಬರುವ ಉತ್ತರವನ್ನು ನಂಬುವಂತಿಲ್ಲ. ಸಬ್ಸಿಡಿ ಬಂದೀತೆಂದು ಒಬ್ಬರು ಐವತ್ತು ಅಂತಾರೆ, ಬಂದವರ ಮನಸ್ಸು ಮುರಿಯಬಾರದೆಂದು ಇನ್ನೊಬ್ಬರು ಐನೂರು ಅಂತಾರೆ. ರೊಕ್ಕ ನಿಜವಾಗಿ ಕೈಬಿಡುವಂತಿರಬೇಕು. ಬೆಕರ್, ಡಿಗ್ರೂಟ್, ಮಾರ್ಷಾಕ್ ಎಂಬ ಸಂಶೋಧಕರು 1964ರಲ್ಲಿ ಮುಂದಿಟ್ಟ ವಿಧಾನ, ಅಂದರೆ ಮೂವರ ಹೆಸರಿನ ಮೊದಲಕ್ಷರ ಕೂಡಿದ ಬಿಡಿಎಂ, ಇರುವುದು ಇದಕ್ಕೇ. ಮನೆಯವರು ತಾವು ಕೊಡಬಲ್ಲ ಗರಿಷ್ಠ ಬೆಲೆ ಹೇಳುತ್ತಾರೆ, ಆಮೇಲೆ ಬೇರೆ ಬೇರೆ ಬೆಲೆ ಬರೆದ ಚೀಟಿಗಳ ಡಬ್ಬಿಯಿಂದ ಒಂದನ್ನು ಎತ್ತುತ್ತಾರೆ. ಚೀಟಿಯ ಬೆಲೆ ಹೆಚ್ಚಿದ್ದರೆ ವ್ಯಾಪಾರವಿಲ್ಲ. ಸಮ ಅಥವಾ ಕಡಿಮೆಯಿದ್ದರೆ ಚೀಟಿಯ ಬೆಲೆಗೇ ಕೊಳ್ಳಬೇಕು.

ಮೊದಲು ನೀರು ಪರೀಕ್ಷೆ ಮಾಡಿಸಿ. ಮುಂಡರಗಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಇದೆ. ಭಾರತೀಯ ಮಾನದಂಡದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದ ಕಡೆ 1.5. ಕ್ಯಾಂಡಲ್ ಫಿಲ್ಟರ್ ಕೆಸರು, ಬಹುಪಾಲು ರೋಗಾಣು ತಡೆಯುತ್ತದೆ. ಫ್ಲೋರೈಡ್ ತೆಗೆಯುವುದಿಲ್ಲ, ಕುದಿಸಿದರೂ ಅದು ಹೋಗದು. ಇದನ್ನು ಮುಚ್ಚಿಟ್ಟು ಮಾರಿದರೆ ಅದು ಸಂಶೋಧನೆಯಲ್ಲ, ಮೋಸ. ಗದಗ ಪೇಟೆಯಲ್ಲಿ ಸುಲಭವಾಗಿ ಸಿಗುವ ಮಾದರಿಯೂ ಬೇಡ: ಅಂಗಡಿಯ ಬೆಲೆ ಗೊತ್ತಿದ್ದವರು ಅದಕ್ಕಿಂತ ಮೇಲೆ ಹೇಳುವುದಿಲ್ಲ.

ಹತ್ತು ಊರಲ್ಲಿ ಮೂವತ್ತು ಮೂವತ್ತು ಮನೆಗಿಂತ ಮೂವತ್ತು ಊರಲ್ಲಿ ಹತ್ತು ಹತ್ತು ಮನೆ ಲೇಸು. ಒಂದೇ ಊರಿನವರ ಉತ್ತರಗಳ ನಡುವಿನ ಹೋಲಿಕೆ (ಸೊನ್ನೆ ಎಂದರೆ ಹೋಲಿಕೆಯೇ ಇಲ್ಲ, ಒಂದು ಎಂದರೆ ಎಲ್ಲರದೂ ಒಂದೇ ಉತ್ತರ) 0.05 ಇದ್ದರೆ, ಮೊದಲ ಲೆಕ್ಕದ 300 ಮನೆಗಳ ತೂಕ ಸುಮಾರು 122 ಮನೆಗಿಳಿಯುತ್ತದೆ, ಎರಡನೆಯದರಲ್ಲಿ 207 ಉಳಿಯುತ್ತದೆ. ಡೀಸೆಲ್ ಖರ್ಚು ಏರುತ್ತದೆ, ಅದು ಬೇರೆ ಮಾತು.

ಕೆಡುವುದು ಹೆಚ್ಚಾಗಿ ವಿವರಣೆಯಲ್ಲಿ. ನಮ್ಮ ಜನಕ್ಕೆ ಸಂತೆಯ ಚೌಕಾಸಿ ರಕ್ತದಲ್ಲಿದೆ. ಮೊದಲು ಕಡಿಮೆ ಹೇಳಿ ಆಮೇಲೆ ಏರಿಸೋಣ ಅಂದುಕೊಳ್ಳುತ್ತಾರೆ. ಆದ್ದರಿಂದ ಹತ್ತಿಪ್ಪತ್ತು ರೂಪಾಯಿಯ ಸೋಪಿನಿಂದ ಶುರು ಮಾಡಿ, ನಿಜವಾದ ರೊಕ್ಕ ಕೊಡಿಸಿಯೇ ಒಂದು ಸುತ್ತು ಆಡಿಸಿ. ಹದಿನೈದು ರೂಪಾಯಿಯ ಆಸೆಯಿದ್ದೂ ಎಂಟು ಎಂದವರಿಗೆ ಹತ್ತರ ಚೀಟಿ ಬಂದು ಸೋಪು ತಪ್ಪಿದಾಗ ನಿಯಮ ತಾನಾಗಿ ತಲೆಗೆ ಹೋಗುತ್ತದೆ. ಎತ್ತರಿಸಿ ಹೇಳಿದರೂ ನಷ್ಟವೇ: ಅದೇ ಹದಿನೈದರ ಆಸೆಯಿದ್ದೂ ಇಪ್ಪತ್ತು ಎಂದವರು ಹದಿನೆಂಟರ ಚೀಟಿ ಬಂದರೆ ಕೊಳ್ಳಲೇಬೇಕು.

ಫಿಲ್ಟರ್ ಸುತ್ತಿನಲ್ಲಿ ಬೆಲೆ ಹೇಳಿದ ಕೂಡಲೇ ಬರೆದುಕೊಳ್ಳಬೇಡಿ. "ಅಕ್ಕಾರ, ಇನ್ನೂರು ಅಂದ್ರಿ. ಚೀಟಿಯೊಳಗ ಇನ್ನೂರಾ ಹತ್ತು ಬಂದ್ರ ಫಿಲ್ಟರ್ ಸಿಗಂಗಿಲ್ಲ. ನಡೀತದೇನ್ರೀ?" ಎಂದು ಕೇಳಿ. "ಹತ್ರೂಪಾಯ್ಕ ಯಾಕ ಬಿಡ್ಲಿ?" ಎಂದರೆ ಹತ್ತು ಹತ್ತು ಏರಿಸುತ್ತ ಹೋಗಿ, "ಸಾಕ್ರಿ" ಅನ್ನುವವರೆಗೆ. ಮೊದಲು ಹೇಳಿದ್ದು, ಕೊನೆಗೆ ನಿಂತದ್ದು, ಎರಡನ್ನೂ ಬರೆಯಿರಿ. ಆ ರೊಕ್ಕ ತಂದು ಎದುರಿಗಿಟ್ಟ ಮೇಲೆಯೇ ಡಬ್ಬಿ ತೆಗೆಯಿರಿ. ಚೀಟಿಗಳಲ್ಲಿ ಎಷ್ಟರಿಂದ ಎಷ್ಟರವರೆಗೆ ಇದೆ ಎಂದು ಬಾಯಿಬಿಡಬೇಡಿ. ಹೇಳಿದರೆ ಉತ್ತರಗಳು ಆ ಬೆಲೆಗಳತ್ತ ವಾಲಬಹುದು. ಹೇಳಿದ್ದಕ್ಕಿಂತ ಹೆಚ್ಚಿನ ಚೀಟಿ ಬಂದಾಗ "ಅಷ್ಟೂ ಕೊಡ್ತೀನಿ, ಕೊಡ್ರಿ" ಎನ್ನುವವರು ಇದ್ದೇ ಇರುತ್ತಾರೆ. ಕರುಣೆ ತೋರಿಸಿ ಕೊಟ್ಟಿರೋ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ, ಮರುದಿನದ ಉತ್ತರಗಳು ಹಾಳು. ಒಂದೂರನ್ನು ಒಂದೇ ದಿನದಲ್ಲಿ ಮುಗಿಸುವುದು ಇದಕ್ಕೇ. ಸ್ವಸಹಾಯ ಸಂಘದ ಸಭೆಯಲ್ಲಂತೂ ಮಾಡಲೇಬೇಡಿ, ಪಕ್ಕದವರ ಬೆಲೆಯೇ ಎಲ್ಲರ ಬೆಲೆಯಾಗುತ್ತದೆ.

ಎರಡು ದಿನ ಮುಂಚೆ ಮಾರಾಟವಿದೆ ಎಂದು ತಿಳಿಸಿ. ಇಲ್ಲದಿದ್ದರೆ ನೀವು ಅಳೆಯುವುದು ಅವರ ಇಷ್ಟವನ್ನಲ್ಲ, ಅಂದು ಮನೆಯಲ್ಲಿದ್ದ ರೊಕ್ಕವನ್ನು. ಜೂನ್ ಬಿತ್ತನೆ ಹೊತ್ತಿನಲ್ಲಿ ಕೇಳಿದ್ದನ್ನೂ ಮೆಣಸಿನಕಾಯಿ ಮಾರಿದ ಮೇಲೆ ಕೇಳಿದ್ದನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬಾರದು.

ಬೆಲೆ ಚೀಟಿಯಿಂದ ಬಂದದ್ದರಿಂದ ಇನ್ನೊಂದು ಲಾಭವಿದೆ: ಒಂದೇ ಬೆಲೆ ಹೇಳಿದ ಇಬ್ಬರಲ್ಲಿ ಒಬ್ಬರು 40, ಇನ್ನೊಬ್ಬರು 160 ಕೊಟ್ಟಿರುತ್ತಾರೆ. ಹೆಚ್ಚು ಕೊಟ್ಟವರು ಹೆಚ್ಚು ಬಳಸುತ್ತಾರೆಯೇ ಎಂಬ ಪ್ರಶ್ನೆಗೆ ಇಲ್ಲಿಂದಲೇ ಉತ್ತರ. ತಿಂಗಳ ನಂತರ ಹೇಳದೆ ಹೋಗಿ. "ಬಳಸ್ತೀರಾ?" ಎಂದು ಕೇಳುವ ಮೊದಲು ಮುಚ್ಚಳ ತೆಗೆದು ಕ್ಯಾಂಡಲ್ ಮುಟ್ಟಿ ನೋಡಿ, ಒದ್ದೆಯೋ ಒಣಗಿದೆಯೋ ಬರೆದುಕೊಳ್ಳಿ.