ಬೇಲಿಗೆ ಬಣ್ಣ ಬಳಿಯುವ ಮೊದಲು ಒಂದು ಹಲಗೆ ನಿಲ್ಲಿಸಿ ನೋಡಿ

ನಮ್ಮ ಕೈತೋಟದ ಮರದ ಬೇಲಿಗೆ ನಾನು ಮೂರು ಸಲ ಬಣ್ಣ ಬಳಿದಿದ್ದೇನೆ. ಮೊದಲು ಬಿಳಿ, ಆಮೇಲೆ ಹಸಿರು, ಈಗ ಕಡುಬೂದು. ಮೊದಲ ಎರಡು ಸಲವೂ ಮಾಡಿದ ತಪ್ಪು ಒಂದೇ. ಬೆರಳಗಲದ ಶೇಡ್ ಕಾರ್ಡ್ ನೋಡಿ ಡಬ್ಬಿ ತಂದುಬಿಟ್ಟೆ. ಬೇಲಿಯ ಮುಂದೆ ಯಾವ ಗಿಡ ನಿಂತಿದೆ ಅಂತ ನೋಡಲೇ ಇಲ್ಲ.

ಬಿಳಿ ಬೇಲಿ ಮೊದಲ ವಾರ ಬಹಳ ಚೆಂದ ಇತ್ತು. ಒಂದು ಜೋರು ಮಳೆ ಬಂತು ನೋಡಿ, ನೆಲದ ಕೆಸರು ಮೊಣಕಾಲೆತ್ತರಕ್ಕೆ ಚಿಮ್ಮಿ ಕೂತಿತು. ನೆರಳಿನ ಮೂಲೆಯಲ್ಲಿ ಪಾಚಿ ಕಟ್ಟಿತು. ಅದನ್ನಾದರೂ ತೊಳೆಯಬಹುದು. ತೋಟಕ್ಕೆ ಕಾಲಿಟ್ಟರೆ ಕಣ್ಣು ಮೊದಲು ಬೇಲಿಗೇ ಹೋಗುತ್ತಿತ್ತಲ್ಲ, ಅದಕ್ಕೆ ಏನು ಮಾಡುವುದು? ಅದಕ್ಕೆ ಹಬ್ಬಿಸಿದ ಮಲ್ಲಿಗೆ ಬಳ್ಳಿ ಹೂ ಬಿಟ್ಟಿದ್ದು ನನಗೆ ಗೊತ್ತಾಗುತ್ತಿದ್ದುದು ವಾಸನೆಯಿಂದ ಮಾತ್ರ. ಬಿಳಿ ಹೂವು ಬಿಳಿ ಹಲಗೆಯಲ್ಲಿ ಕರಗಿಹೋಗುತ್ತಿತ್ತು.

ಮುಂದಿನ ಸಲ ಜಾಣತನ ಮಾಡಿದೆ ಅಂದುಕೊಂಡೆ. ತೋಟ ಹಸಿರು, ಬೇಲಿಯೂ ಹಸಿರಾದರೆ ಎಲ್ಲ ಒಂದಾಗಿ ಬೆರೆಯುತ್ತದೆ, ಅಲ್ವಾ? ಬಳಿದು ಎರಡು ದಿನಕ್ಕೆ ಪಕ್ಕದ ಮನೆಯವರು ಇಣುಕಿ ಕೇಳಿದರು: "ಪ್ಲಾಸ್ಟಿಕ್ ಬೇಲಿ ಹಾಕಿಸಿದ್ರಾ?"

ಅವರ ತಪ್ಪೇನಿಲ್ಲ. ಒಂದು ಎಲೆಯನ್ನು ಕಿತ್ತು ಹತ್ತಿರದಿಂದ ನೋಡಿ. ನರದ ಹತ್ತಿರ ಒಂದು ಹಸಿರು, ಅಂಚಿನಲ್ಲಿ ಇನ್ನೊಂದು, ಬೆನ್ನಿಗೆ ಮತ್ತೊಂದು. ಬಿಸಿಲಿಗೆ ಹಿಡಿದರೆ ಹಳದಿ ಹೊಮ್ಮುತ್ತದೆ. ಡಬ್ಬಿಯ ಗಿಳಿಹಸಿರು ಮಾತ್ರ ಮೇಲಿಂದ ಕೆಳಗೆ ಒಂದೇ ಸಮ. ಅದರ ಮುಂದೆ ನಿಜವಾದ ಎಲೆಗಳೇ ಕಳೆಗುಂದಿದ ಹಾಗೆ ಕಾಣುತ್ತವೆ.

ಇದು ಹಳೆಯ ತಕರಾರು. ಪ್ಯಾರಿಸ್ಸಿನ ಗೊಬ್ಲಾಂ ಚಿತ್ರಗಂಬಳಿ ಕಾರ್ಖಾನೆಯಲ್ಲಿ ಬಣ್ಣಗಾರಿಕೆ ನೋಡಿಕೊಳ್ಳುತ್ತಿದ್ದ ಷೆವ್ರೂಲ್ ಎಂಬ ರಸಾಯನ ವಿಜ್ಞಾನಿಗೆ ಕಪ್ಪು ದಾರ ಸಪ್ಪೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ದಾರದ ಬಣ್ಣ ಸರಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ದಾರಗಳು ಕಪ್ಪನ್ನು ಸಪ್ಪೆ ಮಾಡುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂದು ಆತ 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ನನಗೆ ಅದು ಅರ್ಥವಾಗಲು ಎರಡು ಡಬ್ಬಿ ಹಸಿರು ಪೇಂಟ್ ಬೇಕಾಯಿತು.

ಹಾಗಾಗಿ ಮೂರನೇ ಸಲ ಅಂಗಡಿಗೆ ಹೋಗುವ ಮೊದಲು ತೋಟದಲ್ಲಿ ಕುರ್ಚಿ ಹಾಕಿ ಕೂತೆ. ನೀವೂ ಹಾಗೇ ಮಾಡಿ. ದಿನಾ ಕೂರುವ ಜಾಗದಿಂದ, ಅಡುಗೆಮನೆ ಕಿಟಕಿಯಿಂದ ಬೇಲಿಯ ಕಡೆ ನೋಡಿ. ಬೇಲಿಯ ಮುಂದೆ ಎಲೆ ಜಾಸ್ತಿಯೋ, ಹೂ ಜಾಸ್ತಿಯೋ, ಬರೀ ಹಲಗೆಯೋ? ಬಿಸಿಲು ಯಾವಾಗ ಬೀಳುತ್ತದೆ? ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಎಲೆ ದಟ್ಟವಾಗಿದ್ದರೆ ಕಡು ಬಣ್ಣಕ್ಕೆ ಹೆದರಬೇಡಿ. ಕಡು ಬಣ್ಣ ಹಿಂದೆ ಸರಿದ ಹಾಗೆ, ತಿಳಿ ಬಣ್ಣ ಮುಂದೆ ಬಂದ ಹಾಗೆ ಕಾಣುತ್ತದೆ. ಕಡುಬೂದು ಬೇಲಿ ಗಿಡದ ಹಿಂದಿನ ನೆರಳಿನಂತೆ ಸುಮ್ನೆ ನಿಲ್ಲುತ್ತದೆ, ಮುಂದಿನ ಜರಿಗಿಡದ ಒಂದೊಂದು ಗರಿಯೂ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಹಳದಿ, ಕಿತ್ತಳೆ ಹೂಗಳಿದ್ದರೆ ನೀಲಿ ಬೆರೆತ ಬೂದು ಒಪ್ಪುತ್ತದೆ. ಕೆಂಪು ಗುಲಾಬಿಯ ಹಿಂದೆ ಇಟ್ಟಿಗೆ ಬಣ್ಣ ಮಾತ್ರ ಬೇಡ, ಎರಡೂ ಕೆಡುತ್ತವೆ. ಹಸಿರೇ ಬೇಕು ಎಂದು ಹಟವಿದ್ದರೆ ಬೂದಿ ಬೆರೆಸಿದಂಥ ಮಂಕು ಹಸಿರು ತೆಗೆದುಕೊಳ್ಳಿ.

ಆದರೆ ಇಕ್ಕಟ್ಟಾದ, ಬಿಸಿಲೇ ಬೀಳದ ತೋಟದಲ್ಲಿ, ಬೇಲಿಯ ಮುಂದೆ ಗಿಡವೂ ಇಲ್ಲದಿದ್ದರೆ, ಕಡು ಬಣ್ಣ ಬಾವಿಯೊಳಗೆ ಕೂತ ಹಾಗೆ ಮಾಡುತ್ತದೆ. ಅಲ್ಲಿ ಒಣಹುಲ್ಲಿನ ಬಣ್ಣವೋ ತಿಳಿಬೂದಿಯೋ ವಾಸಿ. ಕೆಲವು ಶೇಡ್ ಕಾರ್ಡುಗಳಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆ ಇರುತ್ತದೆ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಎಂಬ ಲೆಕ್ಕ ಅದು. 0 ಅಂದರೆ ಅಚ್ಚ ಕಪ್ಪು, 100 ಅಂದರೆ ಅಚ್ಚ ಬಿಳಿ. ಹೆಸರಿಗೆ ಮರುಳಾಗದೆ ಈ ಸಂಖ್ಯೆ ನೋಡಿ.

ಈಗ ಹಲಗೆಯ ವಿಷಯ. ಇದೊಂದನ್ನು ಬಿಡಬೇಡಿ. ಬೇಲಿಯ ಮರದ್ದೇ ಉಳಿದ ಹಲಗೆ ತುಂಡು, ಎರಡಡಿಯಾದರೂ ಇರಲಿ, ಬಣ್ಣಕ್ಕೊಂದರಂತೆ ತೆಗೆದುಕೊಳ್ಳಿ. ಸ್ಯಾಂಡ್ ಪೇಪರ್ ಉಜ್ಜಿ, ಪ್ರೈಮರ್ ಹಚ್ಚಿ, ಚಿಕ್ಕ ಸ್ಯಾಂಪಲ್ ಡಬ್ಬಿಯಿಂದ ಎರಡು ಕೋಟ್ ಬಳಿಯಿರಿ. ಒಂದೇ ಕೋಟ್ ನೋಡಿ ನಿರ್ಧರಿಸಬೇಡಿ. ಹಸಿಯಾಗಿದ್ದಾಗಲೂ ನಿರ್ಧರಿಸಬೇಡಿ. ನೀರು ಬೆರೆಸುವ ಅಕ್ರಿಲಿಕ್ ಪೇಂಟ್ ಹಸಿಯಾಗಿದ್ದಾಗ ಹಾಲು ಬೆರೆತಂತೆ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಕಡುವಾಗುತ್ತದೆ. ಒಣಗಿದ ಹಲಗೆಯನ್ನು ಗಿಡದ ಹಿಂದೆ, ಬೇಲಿಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ. ನೆಲದ ಮೇಲೆ ಮಲಗಿಸಿದರೆ ಬೀಳುವ ಬೆಳಕೇ ಬೇರೆ.

ನಾನು ಮೂರು ಹಲಗೆ ನಿಲ್ಲಿಸಿದ್ದೆ: ಮಂಕು ಹಸಿರು, ಕಾವಿ, ಕಡುಬೂದು. ಬೆಳಿಗ್ಗೆಯ ಬಿಸಿಲಿನಲ್ಲಿ ಕಾವಿಯೇ ಗೆದ್ದಿತ್ತು, ಬೆಚ್ಚಗೆ ಹೊಳೆಯುತ್ತಿತ್ತು. ಮನಸ್ಸಿನಲ್ಲೇ ಅದನ್ನು ಕೊಂಡೂ ಆಗಿತ್ತು. ನಾನು ತೋಟಕ್ಕೆ ಬರುವುದು ಕೆಲಸ ಮುಗಿಸಿ, ಕತ್ತಲಾಗುವ ಹೊತ್ತಿಗೆ. ಆ ಮಬ್ಬಿನಲ್ಲಿ ಅದೇ ಕಾವಿ ಒಣಗಿದ ರಕ್ತದ ಹಾಗೆ ಕಪ್ಪಾಗಿ ಕೂತಿತ್ತು. ಬೆಳಕು ಕಡಿಮೆಯಾದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ಹಸಿರು ನೀಲಿಗಳು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. ಪುರ್ಕಿನ್ಯೆ ಪರಿಣಾಮ ಅಂತ ಅದಕ್ಕೆ ಹೆಸರು. ಹಸಿರೂ ಪರವಾಗಿರಲಿಲ್ಲ. ಆದರೆ ಬೂದು ಹಲಗೆಯ ಮುಂದೆ ಮಲ್ಲಿಗೆಯ ಮೊಗ್ಗುಗಳನ್ನು ಆ ಹೊತ್ತಿನಲ್ಲೂ ಎಣಿಸಬಹುದಿತ್ತು. ನನಗೆ ಅಷ್ಟು ಸಾಕಾಯಿತು.

ನೀವೂ ಎರಡು ಮೂರು ದಿನ ಹಲಗೆಗಳನ್ನು ಹಾಗೇ ಬಿಡಿ. ಮೋಡದ ದಿನ ನೋಡಿ. ಒಂದು ಚೊಂಬು ನೀರು ಎರಚಿ ಒದ್ದೆಯಾದಾಗ ನೋಡಿ. ಬೇಲಿ ಪೂರ್ತಿ ಬಳಿದ ಮೇಲೆ ಬಣ್ಣ ಕಾರ್ಡಿನಲ್ಲಿದ್ದುದಕ್ಕಿಂತ ಗಾಢವಾಗಿ ಕಣ್ಣಿಗೆ ಹೊಡೆಯುತ್ತದೆ, ಜಾಗ ದೊಡ್ಡದಾದಷ್ಟೂ ಹಾಗೆ. ಎರಡರ ನಡುವೆ ಅನುಮಾನವಿದ್ದರೆ ಮಂಕಾದದ್ದನ್ನೇ ಆರಿಸಿ.

ಕಡು ಬಣ್ಣಕ್ಕೆ ಒಂದು ಸುಂಕ ಇದೆ. ಅದು ಬಿಸಿಲನ್ನು ಹೀರಿ ಕಾಯುತ್ತದೆ. ಹಲಗೆ ಹಿಗ್ಗಿ ಕುಗ್ಗುವುದು ಜಾಸ್ತಿ. ರಾಳದ ಮರವಾದರೆ ಗಂಟುಗಳಿಂದ ಅಂಟು ಒಸರುತ್ತದೆ. ನಮ್ಮ ಬೇಲಿಯಲ್ಲಿ ದಿನವಿಡೀ ಬಿಸಿಲು ಬೀಳುವ ಕಡೆ ಹೀಗೇ ಆಗಿದೆ, ಗಂಟುಗಳ ಸುತ್ತ ಪೇಂಟ್ ಗುಳ್ಳೆ ಎದ್ದಿದೆ. ನೆರಳಿನ ಕಡೆ ಏನೂ ಆಗಿಲ್ಲ. ಗಂಟುಗಳಿಗೆ ಮೊದಲೇ ಶೆಲ್ಲಾಕ್ ಪ್ರೈಮರ್ ಹಚ್ಚಬೇಕಿತ್ತು.

ಬಾಳಿಕೆ ಮುಖ್ಯ ಅನ್ನುವವರು ಕಾವಿ, ಜೇಡಿಹಳದಿ, ಕಂದು ಕಡೆ ನೋಡಿ. ಇವಕ್ಕೆ ಸಾಮಾನ್ಯವಾಗಿ ಹಾಕುವುದು ಕಬ್ಬಿಣದ ಆಕ್ಸೈಡ್, ಅದು ಬಿಸಿಲಿಗೆ ಬೇಗ ಬಗ್ಗುವುದಿಲ್ಲ. ಸ್ವೀಡನ್ನಿನ ಮರದ ಮನೆಗಳಿಗೆ ನೂರಾರು ವರ್ಷಗಳಿಂದ ಬಳಿಯುವ ಕೆಂಪು ಕೂಡ ಫಾಲುನ್ ತಾಮ್ರದ ಗಣಿಯಿಂದ ಬಂದ ಇಂಥದೇ ಪುಡಿ. ಮಿರಮಿರ ಕೆಂಪು, ನಿಂಬೆಹಳದಿಗಳು ಎಷ್ಟೋ ಸಲ ಬೇಗ ಮಾಸುತ್ತವೆ.

ಪೇಂಟೋ ಸ್ಟೇನೋ ಎನ್ನುವುದನ್ನೂ ಯೋಚಿಸಿ. ಮರದ ಗೆರೆಗಳು ಚೆನ್ನಾಗಿದ್ದರೆ ಸ್ಟೇನ್. ಅದು ಮರದೊಳಗೆ ಇಳಿಯುತ್ತದೆ, ಚಕ್ಕೆ ಏಳುವುದು ಕಡಿಮೆ. ಕಾಲ ಕಳೆದಂತೆ ಮಾಸುತ್ತದೆ, ಮೇಲೆ ಇನ್ನೊಂದು ಕೈ ಹಚ್ಚಿದರೆ ಆಯಿತು. ಆದರೆ ಮೊದಲು ನಾಲ್ಕು ಹನಿ ನೀರು ಹಾಕಿ ನೋಡಿ. ಮರ ನೀರನ್ನು ಹೀರಿಕೊಳ್ಳದೆ ಮಣಿಯಂತೆ ನಿಲ್ಲಿಸಿಕೊಂಡರೆ ಸ್ಟೇನೂ ಇಳಿಯುವುದಿಲ್ಲ. ಹೊಳಪು ಬೇಡ, ಮ್ಯಾಟ್ ಇರಲಿ. ಹೊಳಪಿನಲ್ಲಿ ಪ್ರತಿ ಮೊಳೆ, ಪ್ರತಿ ಸೀಳು ಎದ್ದು ಕಾಣುತ್ತದೆ.

ಬೇಲಿ ಎರಡು ಮನೆಗಳ ನಡುವೆ ಇದ್ದರೆ ಆಚೆಯವರಿಗೆ ಒಂದು ಮಾತು ಹೇಳಿ. ಹಲಗೆಯ ಸಂದಿನಿಂದ ಪೇಂಟ್ ಅವರ ಕಡೆ ಇಳಿಯುತ್ತದೆ.

ಕೊನೆಗೆ, ಡಬ್ಬಿಯ ಮುಚ್ಚಳದ ಮೇಲೆ ಶೇಡ್ ನಂಬರ್ ಮತ್ತು ಬಳಿದ ತಿಂಗಳು ಬರೆದಿಡಿ. ನಾನು ಕಾಗದದ ಚೀಟಿ ಅಂಟಿಸಿದ್ದೆ, ಇಲಿ ತಿಂದುಹಾಕಿತು. ಈಗ ಮುಚ್ಚಳದ ಮೇಲೆ ಮೊಳೆಯಿಂದಲೇ ಗೀಚಿಟ್ಟಿದ್ದೇನೆ.