ಗಾಳದ ಕೋಲಿಗೆ ಎಪಾಕ್ಸಿ ಲೇಪ: ಮಲೆನಾಡಿನ ತೇವದಲ್ಲಿ ಅಳತೆ ಮತ್ತು ಮಿಶ್ರಣ

ಗಾಳದ ಕೋಲನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳಿಗೆ ಮಲೆನಾಡಿನಲ್ಲಿ ಈ ಕೆಲಸಕ್ಕೆ ಬಿಡುವು ಸಿಗುವುದು ಹೆಚ್ಚಾಗಿ ಮಳೆಗಾಲದಲ್ಲಿ. ತುಂಗೆ, ಶರಾವತಿ ಕೆನ್ನೀರು ತುಂಬಿ ಹರಿಯುವಾಗ ದಂಡೆಯ ಬಳಿ ಹೋಗುವಂತಿಲ್ಲ. ಮನೆಯಲ್ಲಿ ಕುಳಿತು, ಗಾಳದ ನೂಲು ಹಾಯುವ ಗೈಡ್ ರಿಂಗುಗಳನ್ನು ದಾರ ಸುತ್ತಿ ಕೂರಿಸಿ, ಆ ಸುತ್ತಿನ ಮೇಲೆ ಎಪಾಕ್ಸಿ ಹಚ್ಚಿ ಮುಗಿಸುವುದು ರೂಢಿ. ಮೂರು ದಿನ ಕಳೆದರೂ ಲೇಪ ಬೆರಳಿಗೆ ಅಂಟಿದರೆ ಎಲ್ಲರೂ ಮಳೆಯನ್ನು ದೂರುತ್ತಾರೆ. ತೇವದಿಂದ ತೊಂದರೆ ಇರುವುದು ನಿಜ. ಆದರೆ ಒಣಗದೆ ಉಳಿಯುವ ಲೇಪಕ್ಕೆ ಬಹುಪಾಲು ಕಾರಣ ತಪ್ಪಿದ ಅಳತೆ ಅಥವಾ ಅರೆಬರೆ ಕಲಸಿದ ಮಿಶ್ರಣ.

ಎಪಾಕ್ಸಿಯ ಎರಡು ಭಾಗಗಳಾದ ರೆಸಿನ್ (ಮೂಲ ಅಂಟುದ್ರವ) ಮತ್ತು ಹಾರ್ಡನರ್ (ಅದನ್ನು ಗಟ್ಟಿಯಾಗಿಸುವ ದ್ರವ) ಒಂದಕ್ಕೊಂದು ಕಣಕಣವಾಗಿ ಜೋಡಿಯಾಗಿ ಗಟ್ಟಿಯಾಗುವ ವಸ್ತುಗಳು. ಜೋಡಿ ಸಿಗದೆ ಉಳಿದ ಭಾಗ, ಅದು ಯಾವುದೇ ಆಗಿರಲಿ, ಲೇಪದೊಳಗೆ ಮೆತ್ತಗೆ ಹಾಗೆಯೇ ಕುಳಿತಿರುತ್ತದೆ. ಆದ್ದರಿಂದ ಬೇಗ ಒಣಗಲೆಂದು ಒಂದೆರಡು ಹನಿ ಹಾರ್ಡನರ್ ಹೆಚ್ಚು ಹಾಕುವುದು ಕೆಲಸ ಕೆಡಿಸುವ ದಾರಿ. ಫೈಬರ್‌ಗ್ಲಾಸ್ ಕೆಲಸದ ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ಹೆಚ್ಚುಕಡಿಮೆ ಮಾಡಿ ವೇಗ ಹೊಂದಿಸುವ ಅಭ್ಯಾಸವುಂಟು; ಎಪಾಕ್ಸಿಗೆ ಅದು ಸಲ್ಲದು.

ಕೋಲಿನ ಲೇಪಕ್ಕೆಂದು ಸಿಗುವ ಎಪಾಕ್ಸಿಗಳಲ್ಲಿ ಹೆಚ್ಚಿನವಕ್ಕೆ ಗಾತ್ರದಲ್ಲಿ ಸಮಪಾಲು, ಅಂದರೆ 1:1. ಡಬ್ಬಿಯ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಬೇಕು. ಗಾತ್ರದ ಸಮಪಾಲು ತೂಕದಲ್ಲಿ ಸಮಪಾಲಾಗುವುದಿಲ್ಲ ಎಂಬುದನ್ನು ಬಹಳಷ್ಟು ಜನ ಗಮನಿಸುವುದಿಲ್ಲ. ರೆಸಿನ್ ಸಾಮಾನ್ಯವಾಗಿ ಹಾರ್ಡನರಿಗಿಂತ ಭಾರ. ಒಂದು ಮಿಲಿ ರೆಸಿನ್ 1.15 ಗ್ರಾಂ, ಒಂದು ಮಿಲಿ ಹಾರ್ಡನರ್ 1 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ಎರಡನ್ನೂ 3 ಗ್ರಾಂನಂತೆ ತೂಗಿ ಬೆರೆಸಿದಾಗ ಗಾತ್ರದಲ್ಲಿ ಹಾರ್ಡನರ್ ಶೇ 15ರಷ್ಟು ಹೆಚ್ಚಾಗಿಬಿಡುತ್ತದೆ. ತಯಾರಕರು ತೂಕದ ಪ್ರಮಾಣವನ್ನೂ ಕೊಟ್ಟಿದ್ದರೆ ಮಾತ್ರ ಚಿನ್ನದ ಕೆಲಸದ ಪುಟ್ಟ ತಕ್ಕಡಿಯನ್ನು ಬಳಸಬಹುದು. ಇಲ್ಲದಿದ್ದರೆ ಸಿರಿಂಜೇ ಸರಿ.

ಸಿರಿಂಜನ್ನು ಔಷಧಿ ಅಂಗಡಿಯಲ್ಲಿ ಕೊಳ್ಳುವಾಗ ಒಳಗಿನ ದಂಡವನ್ನು ನೋಡಬೇಕು. ದಂಡದ ತುದಿಯಲ್ಲಿ ಕಪ್ಪು ರಬ್ಬರ್ ಇದ್ದರೆ ಅದು ಸಲೀಸಾಗಿ ಜಾರಲೆಂದು ಸಿಲಿಕೋನ್ ಎಣ್ಣೆ ಸವರಿರುತ್ತಾರೆ, ಮತ್ತು ಆ ಎಣ್ಣೆಯ ಲವಲೇಶ ಸೇರಿದರೂ ಲೇಪವು ಅಲ್ಲಲ್ಲಿ ದಾರದಿಂದ ಹಿಂದೆ ಸರಿದು ಗುಂಡಗಿನ ಕುಳಿ ಬೀಳುತ್ತದೆ. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಸಿರಿಂಜ್ ಹುಡುಕುವುದು ಲೇಸು. ರೆಸಿನ್ನಿಗೆ ಒಂದು, ಹಾರ್ಡನರಿಗೆ ಒಂದು. ಒಂದಕ್ಕೆ ಕೆಂಪು ಟೇಪು ಸುತ್ತಿ, ಬಾಟಲಿಗೂ ಅದರ ಮುಚ್ಚಳಕ್ಕೂ ಅದೇ ಟೇಪು ಹಚ್ಚಿದರೆ ಎಂದೂ ಅದಲುಬದಲಾಗುವುದಿಲ್ಲ.

ಒಂದೇ ಒಂದು ರಿಂಗಿಗೆ ಹಚ್ಚುವುದಿದ್ದರೂ ತಲಾ 3 ಮಿಲಿಗಿಂತ ಕಡಿಮೆ ಅಳೆಯಬಾರದು. ವಸ್ತು ವ್ಯರ್ಥವಾಗುತ್ತದೆ ಎಂದು ಕೈ ಬಿಗಿ ಹಿಡಿಯುವುದು ಇಲ್ಲಿ ತರವಲ್ಲ: 0.1 ಮಿಲಿ ತಪ್ಪು 1 ಮಿಲಿಯಲ್ಲಿ ಶೇ 10 ಆಗುತ್ತದೆ, 3 ಮಿಲಿಯಲ್ಲಿ ಶೇ 3ರ ಆಸುಪಾಸು ಮಾತ್ರ. ಚಳಿಯ ಮುಂಜಾನೆ ರೆಸಿನ್ ಜೇನಿಗಿಂತ ಮಂದವಾಗಿರುತ್ತದೆ, ಕೆಲವೊಮ್ಮೆ ಸಕ್ಕರೆಯಂತೆ ಹರಳುಗಟ್ಟಿರುತ್ತದೆ. ಎರಡೂ ಬಾಟಲಿಗಳನ್ನು ಮುಚ್ಚಳ ಬಿಗಿಮಾಡಿ ಬಿಸಿನೀರಿನ ಪಾತ್ರೆಯಲ್ಲಿ ಕೆಲ ನಿಮಿಷ ನಿಲ್ಲಿಸಿ, ಹರಳು ಪೂರ್ತಿ ಕರಗಿದ ಮೇಲೆ ಹೊರಮೈಯ ನೀರನ್ನು ಚೆನ್ನಾಗಿ ಒರೆಸಿ ತೆರೆಯಬೇಕು. ದಂಡವನ್ನು ನಿಧಾನವಾಗಿ ಎಳೆದು, ಸಿರಿಂಜಿನ ಮೂತಿಯನ್ನು ಮೇಲಕ್ಕೆ ಹಿಡಿದು ಸಿಕ್ಕಿಕೊಂಡ ಗಾಳಿಯನ್ನು ಹೊರದೂಡಿದ ಮೇಲೆಯೇ ಗೆರೆ ನೋಡಬೇಕು. ಗಾಳಿಗುಳ್ಳೆಯನ್ನೂ ಸೇರಿಸಿ ಅಳೆದದ್ದು ಅಳತೆಯಲ್ಲ.

ಕಲಸಲು ಕೆಮ್ಮಿನ ಔಷಧಿಯ ಜೊತೆ ಬರುವಂಥ ಸಣ್ಣ ಪ್ಲಾಸ್ಟಿಕ್ ಬಟ್ಟಲು ಸಾಕು. ಮೇಣ ಸವರಿದ ಕಾಗದದ ಲೋಟ ಬೇಡ. ಐಸ್‌ಕ್ರೀಮ್ ಕಡ್ಡಿಯ ಮರದ ರಂಧ್ರಗಳಲ್ಲಿರುವ ಗಾಳಿ ಮಿಶ್ರಣಕ್ಕೆ ಬರುವುದರಿಂದ ನುಣುಪಾದ ಉಕ್ಕಿನ ಕಡ್ಡಿ, ಉದಾಹರಣೆಗೆ ಸ್ವೆಟರ್ ಹೆಣೆಯುವ ಸೂಜಿ, ಉತ್ತಮ. ಮೊಟ್ಟೆ ಗೊಟಾಯಿಸುವಂತೆ ಕಲಕದೆ, ಕಡ್ಡಿಯನ್ನು ಮೇಲೆತ್ತದೆ, ಗಡಿಯಾರ ನೋಡಿಕೊಂಡು ಮೂರರಿಂದ ನಾಲ್ಕು ನಿಮಿಷ ನಿಧಾನವಾಗಿ ತಿರುಗಿಸಬೇಕು. ನಡುನಡುವೆ ಗೋಡೆಯನ್ನೂ ತಳದ ಮೂಲೆಯನ್ನೂ ಕಡ್ಡಿಯನ್ನೂ ಕೆರೆದು ಸೇರಿಸಬೇಕು. ಮೊದಲು ಕಾಣುವ ಎಳೆಎಳೆಯಾದ ಗೆರೆಗಳು ಅಳಿದು ದ್ರವ ಪೂರ್ತಿ ತಿಳಿಯಾದ ಮೇಲೂ ಇನ್ನೊಂದು ನಿಮಿಷ ಕಲಸುವುದು ನನ್ನ ಪದ್ಧತಿ. ಬಳಿಕ ಅದನ್ನು ಅಲ್ಯುಮಿನಿಯಂ ಹಾಳೆಯ ಮೇಲೆ ತೆಳುವಾಗಿ ಹರಡಬೇಕು. ಬಟ್ಟಲಲ್ಲಿ ಗುಂಪಾಗಿ ನಿಂತ ಎಪಾಕ್ಸಿ ತನ್ನದೇ ಶಾಖದಿಂದ ಬೇಗ ಗಟ್ಟಿಯಾಗುತ್ತದೆ. ಹರಡಿದಾಗ ಶಾಖ ಹೊರಹೋಗುತ್ತದೆ, ಗುಳ್ಳೆಗಳೂ ಮೇಲೆದ್ದು ಒಡೆಯುತ್ತವೆ. ಬಟ್ಟಲಿನ ಗೋಡೆಗೆ ಅಂಟಿ ಉಳಿದದ್ದನ್ನು ಕೆರೆದು ಹಚ್ಚಬಾರದು, ಸರಿಯಾಗಿ ಬೆರೆಯದ ಅಂಶ ಇರುವುದು ಅಲ್ಲಿಯೇ.

ಮೊದಲ ಲೇಪ ತೆಳುವಾಗಿದ್ದು ದಾರದೊಳಕ್ಕೆ ಇಳಿಯಬೇಕು. ಹಚ್ಚಿದ ಕೋಲು ಹಲವು ಗಂಟೆ ಮೆಲ್ಲಗೆ ತಿರುಗುತ್ತಲೇ ಇರಬೇಕು. ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ, ನಿಮಿಷಕ್ಕೆ ಐದಾರು ಸುತ್ತಿನ ಮೋಟರ್ ಇದಕ್ಕೆ ಧಾರಾಳ ಸಾಕು. ಆಷಾಢದ ಗಾಳಿಗೆ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಅದನ್ನು ಇನ್ವರ್ಟರಿಗೆ ಜೋಡಿಸುವುದು ಕ್ಷೇಮ, ಇಲ್ಲವಾದರೆ ಪಕ್ಕದಲ್ಲಿ ಕುಳಿತು ಕೈಯಿಂದಲೇ ತಿರುಗಿಸುತ್ತಿರಬೇಕು.

ಇನ್ನು ತೇವದ ಮಾತು. ಹಾರ್ಡನರಿನಲ್ಲಿರುವ ಅಮೈನ್ ಎಂಬ ರಾಸಾಯನಿಕ, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಲೇಪದ ಮೇಲೆ ಮೇಣದಂಥ ಮಬ್ಬು ಪೊರೆಯನ್ನು ಕಟ್ಟುತ್ತದೆ. ಆಗುಂಬೆ, ಹೊಸನಗರದ ಕಡೆಯ ಜುಲೈ ತಿಂಗಳಲ್ಲಿ ಕೋಣೆಯ ಬಾಗಿಲು ಮುಚ್ಚಿ, ಹಳೆಯ ಮಾದರಿಯ 60 ವಾಟ್ ಬಲ್ಬನ್ನೋ ಹೀಟರನ್ನೋ ಮುಂಚಿತವಾಗಿ ಉರಿಸಿ 24–27 ಡಿಗ್ರಿಗೆ ತಂದರೆ ತೇವಾಂಶ ತಗ್ಗುತ್ತದೆ. ಬಚ್ಚಲೊಲೆಯ ಬಳಿ ಬೆಚ್ಚಗಿದ್ದರೂ ಹಬೆ, ಬೂದಿ ಎರಡೂ ಇರುವುದರಿಂದ ಅದು ತಕ್ಕ ಜಾಗವಲ್ಲ. ಕೋಲೂ ಮೊದಲೇ ಬೆಚ್ಚಗಾಗಿರಬೇಕು. ಹಚ್ಚಿದ ಮೇಲೆ ಬಿಸಿ ಏರಿಸಿದರೆ ದಾರದೊಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಬರುತ್ತದೆ.

ನೈಟ್ರೈಲ್ ಕೈಗವಸು ಕಡ್ಡಾಯ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಗಲಿದರೆ ಅಲರ್ಜಿ ಶುರುವಾಗಬಹುದು, ಶುರುವಾದದ್ದು ಸಾಮಾನ್ಯವಾಗಿ ಹೋಗುವುದಿಲ್ಲ. ಕೈಗೆ ತಾಗಿದ್ದನ್ನು ಒಣಬಟ್ಟೆಯಲ್ಲಿ ಒರೆಸಿ ಸಾಬೂನಿನಿಂದ ತೊಳೆಯಬೇಕು. ಥಿನ್ನರ್ ಅದನ್ನು ಚರ್ಮದೊಳಕ್ಕೆ ಇಳಿಸುತ್ತದೆ.

ಲೇಪ ಕೈಕೊಟ್ಟಿದ್ದರೆ ಕಾರಣವನ್ನು ಬೆರಳೇ ಹೇಳುತ್ತದೆ. ಮೇಲೆ ಜಿಡ್ಡು ಜಿಡ್ಡಾಗಿ, ಒಳಗೆ ಗಟ್ಟಿಯಾಗಿದ್ದರೆ ಅದು ತೇವದ ಪೊರೆ: ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಒರೆಸಿ, ಒಣಗಿಸಿ, ನುಣ್ಣನೆಯ ಮರಳುಕಾಗದ ಹಗುರವಾಗಿ ಆಡಿಸಿ ಇನ್ನೊಂದು ಲೇಪ ಕೊಡಬಹುದು. ಉಗುರು ಒತ್ತಿದಲ್ಲಿ ಗುರುತು ಬಿದ್ದು ಅಂಟುತ್ತಿದ್ದರೆ ಅಳತೆಯೋ ಕಲಸಿದ್ದೋ ತಪ್ಪಿದೆ. ಬೆಚ್ಚಗಿನ ಕೋಣೆಯಲ್ಲಿ ಒಂದು ವಾರ ಬಿಟ್ಟು ನೋಡಿ, ಮೇಲ್ಮೈ ಮಾತ್ರ ಅಂಟಾಗಿದ್ದರೆ ಸರಿಯಾಗಿ ಅಳೆದ ತೆಳು ಲೇಪವೊಂದನ್ನು ಅದರ ಮೇಲೆಯೇ ಹಚ್ಚಬಹುದು. ಆಳದವರೆಗೂ ಮೆತ್ತಗಿದ್ದರೆ ದಾರವನ್ನೇ ಕತ್ತರಿಸಿ ತೆಗೆದು ಹೊಸದಾಗಿ ಸುತ್ತಬೇಕು.