ಮನೇಲಿ ಏನಂದ್ರು?

2014ರ ಬೇಸಿಗೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಟೆಂಪಲ್ ಸ್ಕ್ವೇರ್‌ನಲ್ಲಿ ನಿಂತು ಪ್ರವಾಸಿಗರಿಗೆ ನಮ್ಮ ಮಾರ್ಮನ್ ಚರ್ಚಿನ ದೇವಾಲಯದ ಕಥೆ ಹೇಳುತ್ತಿದ್ದೆ. ಗುಂಪಿನ ಹಿಂದಿನಿಂದ ಒಂದು ದನಿ ಬಂತು. "ರೀ, ಈ ಹುಡುಗಿ ನಮ್ಮ ಕಡೆಯವಳ ಥರ ಇದಾಳೆ ನೋಡ್ರೀ."

ಕನ್ನಡ ಕೇಳಿ ಎಷ್ಟೋ ವಾರ ಆಗಿತ್ತು. ಮಾತು ಅಲ್ಲೇ ನಿಂತುಹೋಯಿತು.

ಅವರು ಮೈಸೂರಿನ ಗಂಡ ಹೆಂಡತಿ. ಮಗನ ಮನೆಗೆ ಬಂದವರು, ಯೆಲ್ಲೋಸ್ಟೋನ್ ಪಾರ್ಕ್ ನೋಡಲು ಹೊರಟಿದ್ದರು. ನನ್ನ ಎದೆಯ ಮೇಲೆ ಹೆಸರಿನ ಕಪ್ಪು ಪಟ್ಟಿ, ಅದರ ಜೊತೆ ನಮ್ಮ ಬಾವುಟದ ಚಿಕ್ಕ ಬಿಲ್ಲೆ. ಅಲ್ಲಿ ಸೇವೆ ಮಾಡುವ ಯುವತಿಯರೆಲ್ಲ ಹೀಗೆ ತಮ್ಮ ತಮ್ಮ ದೇಶದ ಬಾವುಟ ಹಾಕಿಕೊಳ್ಳುತ್ತಾರೆ. ಅಂಕಲ್ ನೇರವಾಗಿಯೇ ಕೇಳಿದರು. "ದುಡ್ಡು ಗಿಡ್ಡು ಕೊಟ್ಟು ಸೇರಿಸಿಕೊಂಡ್ರೇನಮ್ಮ?"

ಈ ಪ್ರಶ್ನೆ ನನಗೆ ಹೊಸದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು 18 ತಿಂಗಳ ಸೇವೆ, ಸಂಬಳ ಇಲ್ಲ. ಎರಡು ವರ್ಷ ಕೆಲಸ ಮಾಡಿ ಕೂಡಿಟ್ಟ ಹಣ ಹಾಕಿ ಬಂದಿದ್ದೇನೆ. ಸಂಪಾದನೆಯಲ್ಲಿ ಹತ್ತರ ಒಂದು ಪಾಲನ್ನು ಚರ್ಚಿಗೆ ನಾವೇ ಕೊಡುತ್ತೇವೆ. ಅವರು ತಲೆಯಾಡಿಸಿದರು. ಆಗ ಆಂಟಿ ಮೆಲ್ಲಗೆ ಕೇಳಿದರು. "ಅದಿರ್ಲಿ. ಮನೇಲಿ ಏನಂದ್ರು?"

ಅಲ್ಲಿಗೆ ಬಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಮನೆಯಲ್ಲಿ ಏನಂದರು ಅನ್ನೋದು ದೊಡ್ಡ ಕಥೆ. ನಮ್ಮದು ಬೆಂಗಳೂರಿನ ಹಿಂದೂ ಮನೆ. ನಾನು ಸೇರಿದ ಚರ್ಚಿನವರನ್ನು ಜನ ಮಾರ್ಮನ್ ಅಂತಾರೆ. ಚರ್ಚಿನ ಪೂರ್ತಿ ಹೆಸರಿನ ಅರ್ಥ, ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಚರ್ಚ್. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ್ದು. ಬೆಂಗಳೂರಿನಲ್ಲಿ ಇದರ ಮಿಷನ್, ಅಂದರೆ ಧರ್ಮಪ್ರಚಾರದ ಕೇಂದ್ರ, 1993ರಲ್ಲಿ ಶುರುವಾಯಿತು. ನಾನು ಮೊದಲು ಹೋದದ್ದು 2009ರಲ್ಲಿ, ಗೆಳತಿಯೊಬ್ಬಳ ಜೊತೆ, ಹಾಡು ಕೇಳೋಕೆ. ಆಗ ನನಗೆ 18.

ಅಲ್ಲಿ ಮಿಷನರಿಗಳು ಕೊಟ್ಟ 'ಬುಕ್ ಆಫ್ ಮಾರ್ಮನ್' ಅನ್ನುವ ಪುಸ್ತಕದ ಕೊನೆಗೆ ಮೊರೊನೈ ಅನ್ನುವ ಪ್ರವಾದಿಯ ಒಂದು ಮಾತಿದೆ. ಓದಿದವರು ಇದು ನಿಜವೋ ಅಲ್ಲವೋ ಅಂತ ದೇವರನ್ನೇ ಕೇಳಬೇಕು ಅನ್ನುತ್ತಾನೆ. ನನ್ನನ್ನು ಹಿಡಿದದ್ದು ಇದೇ. ನಂಬು ಅನ್ನಲಿಲ್ಲ, ಕೇಳು ಅಂದರು. ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಕೂತು ಕೇಳಿದೆ. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಜ್ವರ ಬಿಟ್ಟ ಮೇಲೆ ಮೈ ಹಗುರ ಆಗುತ್ತಲ್ವಾ, ಹಾಗಾಯಿತು. ಮರುದಿನ ಮತ್ತೆ ಕೇಳಿದೆ. ಅದೇ ಹಗುರ. ನನ್ನ ನಂಬಿಕೆ ಶುರುವಾದದ್ದು ಅಲ್ಲಿಂದ.

ಈ ಚರ್ಚಿಗೆ ಸೇರುತ್ತೇನೆ ಅಂತ ಅಪ್ಪನಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಒಂದು ವಾರ ಮಾತೇ ಆಡಲಿಲ್ಲ. ಆಮೇಲೆ ಕರೆದು ಅಂದರು, "ಡಿಗ್ರಿ ಮುಗೀಲಿ. ಆಗ್ಲೂ ನಿಂಗೆ ಹಿಂಗೇ ಅನ್ಸಿದ್ರೆ ಮಾಡ್ಕೋ. ನಾನು ಅಡ್ಡ ಬರಲ್ಲ." ಕಾನೂನಿನ ಪ್ರಕಾರ ನಾನು ದೊಡ್ಡವಳೇ, ಅವರ ಒಪ್ಪಿಗೆ ಬೇಕಿರಲಿಲ್ಲ. ಆದರೂ ಕಾದೆ. ಸುಮಾರು ಮೂರು ವರ್ಷ.

ಅಮ್ಮನಿಗೆ ನೋವಾದದ್ದು ಬೇರೆ ಕಾರಣಕ್ಕೆ. ನಮ್ಮ ಚರ್ಚಿನವರು ಕಾಫಿ, ಟೀ ಕುಡಿಯಬಾರದು. ಬೆಳಗ್ಗೆ ಫಿಲ್ಟರಿನಿಂದ ಡಿಕಾಕ್ಷನ್ ಇಳಿಸಿ ಅಮ್ಮ ಕೊಡುವ ಮೊದಲ ಲೋಟ ಯಾವಾಗಲೂ ನನ್ನದು. ಬೇಡಮ್ಮ ಅಂದ ದಿನ ಅವರ ಕಣ್ಣು ತುಂಬಿತು. ದೇವರನ್ನು ಬಿಟ್ಟದ್ದಕ್ಕಿಂತ ಆ ಲೋಟ ಬಿಟ್ಟದ್ದೇ ಅವರಿಗೆ ಜಾಸ್ತಿ ನೋವು ಕೊಟ್ಟಿತು ಅಂತ ನನಗೆ ಈಗಲೂ ಅನ್ನಿಸುತ್ತೆ. ಆರು ತಿಂಗಳ ನಂತರ ಒಂದು ಬೆಳಗ್ಗೆ, ಅದೇ ಲೋಟದಲ್ಲಿ ಬಿಸಿ ಹಾಲಿಗೆ ಬೆಲ್ಲ ಹಾಕಿ ತಂದಿಟ್ಟರು. ಏನೂ ಹೇಳಲಿಲ್ಲ.

2012ರಲ್ಲಿ ನನ್ನ ದೀಕ್ಷಾಸ್ನಾನ, ಅಂದರೆ ಚರ್ಚಿಗೆ ಸೇರುವ ವಿಧಿ, ಆಯಿತು. ಬಿಳಿ ಬಟ್ಟೆ ಹಾಕಿಕೊಂಡು ಪೂರ್ತಿ ನೀರಿನಲ್ಲಿ ಮುಳುಗಬೇಕು. ಕೂದಲ ತುದಿ ಮೇಲೆ ಉಳಿದರೂ ಇನ್ನೊಮ್ಮೆ ಮುಳುಗಿಸುತ್ತಾರೆ. ಅಪ್ಪ ಬರಲಿಲ್ಲ. ಅಮ್ಮ ಬಂದು ಬಾಗಿಲ ಹತ್ತಿರ ಟವೆಲ್ ಹಿಡಿದು ನಿಂತಿದ್ದರು.

ಅದೇ ವರ್ಷ ಅಕ್ಟೋಬರಿನಲ್ಲಿ ಚರ್ಚಿನ ಅಧ್ಯಕ್ಷರಾಗಿದ್ದ ಥಾಮಸ್ ಮಾನ್ಸನ್ ಮಿಷನರಿಗಳ ವಯಸ್ಸು ಇಳಿಸಿದರು. ಹುಡುಗರಿಗೆ 18, ಹುಡುಗಿಯರಿಗೆ 19. ನನ್ನ ಜೊತೆ ಸೇವೆಗೆ ಬಂದವರಲ್ಲಿ ಸುಮಾರು ಮಂದಿ ನನಗಿಂತ ಚಿಕ್ಕವರು. ಬೆಳಗ್ಗೆ ಆರೂವರೆಗೆ ಏಳಬೇಕಿತ್ತು, ರಾತ್ರಿ ಹತ್ತೂವರೆಗೆ ಮಲಗಬೇಕಿತ್ತು. ಎಲ್ಲಿಗೆ ಹೋದರೂ ಜೊತೆಗಾರ್ತಿ ಜೊತೆಯಲ್ಲೇ. ಮನೆಗೆ ವಾರಕ್ಕೊಂದು ಇಮೇಲ್. ಆಗ ಫೋನ್ ಅಂದರೆ ಕ್ರಿಸ್‌ಮಸ್‌ಗೆ ಒಮ್ಮೆ, ಅಮ್ಮಂದಿರ ದಿನಕ್ಕೆ ಒಮ್ಮೆ. ಪ್ರತಿ ವಾರ ಮಾತಾಡಬಹುದು ಅಂತ ಆದದ್ದು 2019ರಲ್ಲಿ.

ಟೆಂಪಲ್ ಸ್ಕ್ವೇರ್‌ನ ಸಿಸ್ಟರ್‌ಗಳನ್ನು, ಅಂದರೆ ಅಲ್ಲಿ ಸೇವೆಗೆ ಬಂದ ನಮ್ಮಂಥ ಯುವತಿಯರನ್ನು, ಆಗ ಕೆಲವು ತಿಂಗಳು ಬೇರೆ ಊರಿಗೂ ಕಳಿಸುತ್ತಿದ್ದರು. ನನ್ನನ್ನು ಕಳಿಸಿದ್ದು ಕ್ಯಾಲಿಫೋರ್ನಿಯಾಕ್ಕೆ. ಅಲ್ಲೇ ನಾನು ತಪ್ಪು ಮಾಡಿದ್ದು.

ಅಲ್ಲಿ 19 ವರ್ಷದ ಒಬ್ಬ ಹುಡುಗಿಗೆ ಪಾಠ ಹೇಳುತ್ತಿದ್ದೆವು. ಮೆಕ್ಸಿಕೋ ಮೂಲದ ಕ್ಯಾಥೊಲಿಕ್ ಮನೆಯವಳು. ಅಜ್ಜಿಯೇ ಸಾಕಿದ್ದು. ಅವಳು ಪುಸ್ತಕ ಓದುತ್ತಿದ್ದಳು, ಪ್ರಾರ್ಥಿಸುತ್ತಿದ್ದಳು, ಭಾನುವಾರ ತಪ್ಪದೆ ಬರುತ್ತಿದ್ದಳು. ನನಗೆ ಅವಸರವಾಯಿತು. ಮೂರನೇ ವಾರಕ್ಕೇ ದೀಕ್ಷಾಸ್ನಾನದ ದಿನ ಗೊತ್ತು ಮಾಡಿದೆ. ಅಜ್ಜಿಗೆ ಹೇಳಿದ್ದೀಯಾ ಅಂತ ಕೇಳಲೇ ಇಲ್ಲ. ಕೇಳಿದರೆ ಎಲ್ಲಿ ದಿನ ಮುಂದೆ ಹೋಗುತ್ತೋ ಅನ್ನುವ ಹೆದರಿಕೆ ಒಳಗೆ ಇತ್ತು. ಮೂರು ವರ್ಷ ಕಾದವಳು ನಾನು. ಅವಳಿಗೆ ಮೂರು ವಾರವನ್ನೂ ಪೂರ್ತಿ ಕೊಡಲಿಲ್ಲ.

ಶನಿವಾರ ಬೆಳಗ್ಗೆಯೇ ಹೋಗಿ ತೊಟ್ಟಿಗೆ ನೀರು ಬಿಟ್ಟೆವು. ತುಂಬಲು ಗಂಟೆಗಟ್ಟಲೆ ಬೇಕು. ಬಿಳಿ ಬಟ್ಟೆ ಇಸ್ತ್ರಿ ಮಾಡಿಟ್ಟೆವು. ಜನ ಬಂದರು, ಹಾಡು ಹಾಡಿದರು. ಅವಳು ಬರಲಿಲ್ಲ. ಫೋನ್ ಎತ್ತಲಿಲ್ಲ. ಎಲ್ಲರೂ ಹೋದ ಮೇಲೆ ತೊಟ್ಟಿಯ ಅಡಿಯ ಬಿರಡೆ ತೆಗೆದು, ನೀರು ಖಾಲಿಯಾಗುವವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ. ಮೈಸೂರಿನ ಆಂಟಿ ನೆನಪಾದದ್ದು ಆಗ.

ಸೋಮವಾರ ಅವರ ಮನೆಗೆ ಹೋದೆವು. ಅಜ್ಜಿ ಬಾಗಿಲು ತೆರೆದರು. ಕೈಯಲ್ಲಿ ಜಪಮಾಲೆ. ನನಗೆ ಸ್ಪ್ಯಾನಿಷ್ ಬಾರದು. ಜೊತೆಗಾರ್ತಿಯ ಬಾಯಲ್ಲಿ ಹೇಳಿಸಿದೆ, "ನಿಮ್ಮನ್ನು ಕೇಳದೆ ದಿನ ಇಟ್ಟಿದ್ದು ನನ್ನ ತಪ್ಪು. ಕ್ಷಮಿಸಿ ಅಜ್ಜಿ." ಅವರು ತುಂಬಾ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಒಳಗೆ ಕರೆದರು.

ಕ್ರಿಸ್‌ಮಸ್ ಹತ್ತಿರವಿತ್ತು. ಅಡುಗೆಮನೆಯಲ್ಲಿ ತಮಾಲೆ ಮಾಡುತ್ತಿದ್ದರು. ನೆನೆಸಿದ ಮೆಕ್ಕೆಜೋಳದ ಸಿಪ್ಪೆಯ ಮೇಲೆ ಹಿಟ್ಟು ಸವರಿ, ಹೂರಣ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುವುದು. ನಾವು ಬಾಳೆ ಎಲೆಯಲ್ಲಿ ಕಡುಬು ಕಟ್ಟುತ್ತೇವಲ್ಲ, ಹಾಗೇ. ನನ್ನ ಕೈಗೆ ತಾನಾಗಿ ಬಂತು. ಅಜ್ಜಿ ನಕ್ಕರು. ಅವರೇ ಮಾತು ತೆಗೆದರು. ಎಳೇ ಮಗುವಾಗಿದ್ದಾಗ ಮೊಮ್ಮಗಳಿಗೆ ದೀಕ್ಷೆ ಕೊಡಿಸಿದ್ದು ತಾನೇ, ಅವತ್ತು ಹಾಕಿದ್ದ ಪುಟ್ಟ ಬಿಳಿ ಅಂಗಿಯನ್ನು ಇನ್ನೂ ಜೋಪಾನ ಮಾಡಿದ್ದೇನೆ ಅಂದರು. ಪೆಟ್ಟಿಗೆ ತೆಗೆದು ತೋರಿಸಿದರು. ಇನ್ನೊಂದು ದೀಕ್ಷೆ ಬೇಕು ಅಂತ ನಾವು ಹೇಳಿದಾಗ ಅವರಿಗೆ ಏನು ಕೇಳಿಸಿರಬಹುದು ಅಂತ ನನಗೆ ಅರ್ಥವಾದದ್ದು ಆ ಅಂಗಿಯನ್ನು ಕೈಯಲ್ಲಿ ಹಿಡಿದಾಗ.

ಅಲ್ಲಿ ಇದ್ದಷ್ಟು ದಿನವೂ ಆ ಮನೆಗೆ ಹೋದೆವು. ಅಜ್ಜಿ ಇರುವಾಗಲೇ ಪಾಠ, ಅಜ್ಜಿಯ ಜೊತೆಗೇ ಪ್ರಾರ್ಥನೆ. ದಿನ ಯಾವಾಗ ಅಂತ ಮತ್ತೆ ಕೇಳಲಿಲ್ಲ. ಅವಳು ಇವತ್ತಿಗೂ ನಮ್ಮ ಚರ್ಚಿಗೆ ಸೇರಿಲ್ಲ. ಪ್ರತಿ ಡಿಸೆಂಬರ್ ಪತ್ರ ಬರೆಯುತ್ತಾಳೆ. ನಾನು ಕಲಿಸಿದವರಲ್ಲಿ ಅವಳಷ್ಟು ಹತ್ತಿರದವರು ಇನ್ನೊಬ್ಬರಿಲ್ಲ.

ಟೆಂಪಲ್ ಸ್ಕ್ವೇರ್‌ಗೆ ವಾಪಸ್ ಬಂದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಅಲ್ಲಿ ಫೋನಿನಲ್ಲಿ, ಚಾಟಿನಲ್ಲಿ ಎಲ್ಲೆಲ್ಲಿಂದಲೋ ಜನ ಪ್ರಶ್ನೆ ಕೇಳುತ್ತಿದ್ದರು. ಯಾರಾದರೂ ಸೇರಬೇಕು ಅಂದರೆ ನನ್ನ ಮೊದಲ ಪ್ರಶ್ನೆ, ಮನೆಯಲ್ಲಿ ಯಾರಿದ್ದಾರೆ? ಎರಡನೆಯದು, ಅವರಿಗೆ ಗೊತ್ತಾ? ಕೆಲವರು ಅಲ್ಲಿಗೇ ಮಾತು ನಿಲ್ಲಿಸಿದರು. ಕೆಲವರು ಅಮ್ಮನನ್ನೇ ಫೋನಿಗೆ ಕರೆದರು.

ದೇವಾಲಯದ ಕಥೆಯನ್ನೂ ಬೇರೆ ಥರ ಹೇಳತೊಡಗಿದೆ. 1853ರಲ್ಲಿ ಕೆಲಸ ಶುರು, ಮುಗಿದದ್ದು 1893ರಲ್ಲಿ, 40 ವರ್ಷ. ಮೊದಲೆಲ್ಲ ಬೆಟ್ಟದಿಂದ ಎತ್ತಿನ ಗಾಡಿಯಲ್ಲಿ ಬಂದ ಗ್ರಾನೈಟ್ ಬಗ್ಗೆ ಜಾಸ್ತಿ ಹೇಳುತ್ತಿದ್ದೆ. ಈಗ ಅಡಿಪಾಯದ ಹತ್ತಿರ ನಿಲ್ಲುತ್ತಿದ್ದೆ. 1858ರಲ್ಲಿ ಅಮೆರಿಕ ಸರ್ಕಾರದ ಸೈನ್ಯ ಬರುತ್ತಿದೆ ಅಂತ ಗೊತ್ತಾಗಿ ಜನ ಅದನ್ನು ಮಣ್ಣಿನಲ್ಲಿ ಮುಚ್ಚಿ, ಉತ್ತ ಹೊಲದ ಹಾಗೆ ಕಾಣಿಸಿದರು. ಆಮೇಲೆ ಅಗೆದು ನೋಡಿದರೆ ಕಲ್ಲುಗಳಲ್ಲಿ ಬಿರುಕು. ಸುಮ್ನೆ ಅದರ ಮೇಲೆ ಕಟ್ಟಲಿಲ್ಲ. ಬಿರುಕು ಬಿಟ್ಟದ್ದನ್ನು ತೆಗೆದು ಮತ್ತೆ ಕೂರಿಸಿದರು.

2015ರ ಕೊನೆಗೆ ಮನೆಗೆ ಬಂದೆ. ಸೇವೆ ಮುಗಿಸಿ ಬಂದವರು ಭಾನುವಾರದ ಸಭೆಯಲ್ಲಿ ಮಾತಾಡಬೇಕು. ನಾನು ಎದ್ದು ನಿಂತಾಗ ಕೊನೆಯ ಸಾಲಿನಲ್ಲಿ ಅಪ್ಪ ಕೂತಿದ್ದರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯಲ್ಲಿ ಕುಂಕುಮ. ಅಂದುಕೊಂಡದ್ದೆಲ್ಲ ಮರೆತುಹೋಯಿತು. ಆ ಅಜ್ಜಿಯ ಪೆಟ್ಟಿಗೆಯ ಕಥೆಯನ್ನಷ್ಟೇ ಹೇಳಿ ಕೂತೆ.

ಬೆಂಗಳೂರಿನಲ್ಲೇ ದೇವಾಲಯ ಕಟ್ಟುತ್ತೇವೆ ಅಂತ 2018ರ ಏಪ್ರಿಲ್‌ನಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಹೇಳಿದರು. 2020ರ ಡಿಸೆಂಬರ್‌ನಲ್ಲಿ ನೆಲಕ್ಕೆ ಗುದ್ದಲಿ ಬಿತ್ತು. ಆ ಸಂಜೆ ಅಪ್ಪನಿಗೆ ವಿಷಯ ಹೇಳಿದೆ. ಪ್ರತಿಷ್ಠೆ ಆದ ಮೇಲೆ ಸದಸ್ಯರಿಗೆ ಮಾತ್ರ ಪ್ರವೇಶ, ಅದಕ್ಕೆ ಮುಂಚೆ ಸ್ವಲ್ಪ ದಿನ ಎಲ್ಲರಿಗೂ ಬಾಗಿಲು ತೆರೆದಿಡುತ್ತಾರೆ ಅಂತಲೂ ಹೇಳಿದೆ.

ಅಪ್ಪ ಪೇಪರ್ ಮಡಚಿಟ್ಟರು. "ಆ ದಿನ ಯಾವಾಗ ಅಂತ ಮೊದಲೇ ಹೇಳು. ನಿಮ್ಮಮ್ಮನಿಗೆ ಮಂಡಿ ನೋವು, ಆಟೋದಲ್ಲಿ ಕರ್ಕೊಂಡು ಬರ್ಬೇಕು."